ಡೈನಮೋ ಕೆಟ್ಟಿಲ್ಲ, ಅಳೆದು ನೋಡಿಲ್ಲ ಅಷ್ಟೆ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಅವರ ಹಳೆಯ ಅಂಬಾಸಿಡರ್ ಕಾರಿನ ಬ್ಯಾಟರಿ ಹತ್ತು ದಿನಕ್ಕೊಮ್ಮೆ ಡೌನ್ ಆಗುತ್ತದಂತೆ. ಬ್ಯಾಟರಿ ಹೊಸದು ಹಾಕಿಸಿಯೂ ಆಯಿತು, ಇನ್ನೇನು ಮಾಡಲಿ ಎಂಬುದು ಅವರ ಅಳಲು. ಅದಕ್ಕೆ ಬಂದ ಉತ್ತರ ಒಂದೇ ಸಾಲಿನದು: ಡೈನಮೋ ಕಿತ್ತು ಆಲ್ಟರ್ನೇಟರ್ ಹಾಕಿಸಿ. ಎರಡೂ ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರಗಳೇ, ಡೈನಮೋ ಹಳೆಯ ಬಗೆಯದು, ಆಲ್ಟರ್ನೇಟರ್ ಹೊಸ ಬಗೆಯದು. ಹಾಕಿಸಬಾರದು ಎಂದು ನಾವು ಹೇಳುತ್ತಿಲ್ಲ. ಆದರೆ ಆ ಉತ್ತರದಲ್ಲಿ ಒಂದೇ ಒಂದು ವೋಲ್ಟೇಜ್ ಅಂಕೆಯೂ ಇರಲಿಲ್ಲ. ಹಳೆಯ ಕಾರಿನ ಚಾರ್ಜಿಂಗ್ ದೋಷವನ್ನು ಅಂಕೆಯಿಲ್ಲದೆ ಹೇಳುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಬಾಡಿ ಅರ್ಥ್ (ಕರೆಂಟ್ ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುವ ದಾರಿ) ಸರಿಯಿಲ್ಲದ ಕಾರಿಗೆ ಆಲ್ಟರ್ನೇಟರ್ ಹಾಕಿದರೂ ಬ್ಯಾಟರಿ ಡೌನ್ ಆಗಿಯೇ ಆಗುತ್ತದೆ.

ಇಲ್ಲಿ ಹೇಳುವುದು ಲೂಕಾಸ್ ಸಿ 39 ಅಥವಾ ಸಿ 40 ಡೈನಮೋ ಮತ್ತು ಆರ್‌ಬಿ 106 ಕಂಟ್ರೋಲ್ ಬಾಕ್ಸ್ ಇರುವ ಕಾರುಗಳ ಮಾತು. ಹಳೆಯ ಅಂಬಾಸಿಡರ್, ಮೋರಿಸ್ ಮೈನರ್, ಸ್ಟ್ಯಾಂಡರ್ಡ್ ಹೆರಾಲ್ಡ್ ಎಲ್ಲ ಇದೇ ಕುಟುಂಬದವು. ಕಾರಿನ ಎಲೆಕ್ಟ್ರಿಕಲ್ ಭಾಗಗಳನ್ನು ಮಾಡುತ್ತಿದ್ದ ಲೂಕಾಸ್ ಕಂಪನಿಯನ್ನು ಬ್ರಿಟನ್ನಿನಲ್ಲಿ ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡುವುದುಂಟು. ಆ ಕತ್ತಲೆಯಲ್ಲಿ ಅರ್ಧಕ್ಕರ್ಧ ಪಾಲು ಸಡಿಲ ಲಗ್ (ವೈರ್ ತುದಿಯ ಲೋಹದ ಜೋಡಣೆ) ಮತ್ತು ತುಕ್ಕು ಹಿಡಿದ ಅರ್ಥ್‌ನದು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಬಾನೆಟ್ ಒಳಗೆ ಗೋಡೆಗೆ ಕೂರಿಸಿರುವ ಕಪ್ಪು ಪೆಟ್ಟಿಗೆಯನ್ನು, ಅಂದರೆ ಕಂಟ್ರೋಲ್ ಬಾಕ್ಸನ್ನು, ಗ್ಯಾರೇಜಿನಲ್ಲಿ ಒಟ್ಟಾರೆ ‘ಕಟ್‌ಔಟ್’ ಎನ್ನುತ್ತಾರೆ. ಮುಚ್ಚಳ ತೆಗೆದರೆ ಒಳಗೆ ಎರಡು ಸುರುಳಿಗಳು ಕಾಣುತ್ತವೆ. ಒಂದು ನಿಜವಾದ ಕಟ್‌ಔಟ್. ಡೈನಮೋ ಸಾಕಷ್ಟು ವೋಲ್ಟೇಜ್ ಕೊಟ್ಟಾಗ ಬ್ಯಾಟರಿಗೆ ಜೋಡಿಸುವುದು, ಎಂಜಿನ್ ನಿಧಾನವಾದಾಗ ಬಿಡಿಸುವುದು, ಇಷ್ಟೇ ಅದರ ಕೆಲಸ. ಇನ್ನೊಂದು ರೆಗ್ಯುಲೇಟರ್. ವೋಲ್ಟೇಜ್ ಏರಿದಾಗ ಅದರ ಪಾಯಿಂಟ್ (ಕೂಡಿ ಬಿಡುವ ಲೋಹದ ತುದಿಗಳು) ತೆರೆದು, ಡೈನಮೋದೊಳಗೆ ಅಯಸ್ಕಾಂತ ಶಕ್ತಿ ಹುಟ್ಟಿಸುವ ಫೀಲ್ಡ್ ಕಾಯಿಲ್‌ನ ದಾರಿಯಲ್ಲಿ ಒಂದು ರೆಸಿಸ್ಟೆನ್ಸ್ (ತಡೆ) ಸೇರಿಸಿ ವೋಲ್ಟೇಜ್ ತಗ್ಗಿಸುತ್ತದೆ, ಇಳಿದಾಗ ಮತ್ತೆ ಮುಚ್ಚುತ್ತದೆ. ಸೆಕೆಂಡಿಗೆ ಹತ್ತಾರು ಬಾರಿ ಹೀಗೆ ಬಡಿಯುತ್ತಲೇ ಇರುತ್ತದೆ. ‘ಕಟ್‌ಔಟ್ ಹೋಗಿದೆ’ ಎಂದು ಯಾರಾದರೂ ಹೇಳಿದರೆ ಈ ಎರಡರಲ್ಲಿ ಯಾವುದು ಎಂದು ಕೇಳಿ.

ಬೇಕಾದ ಸಲಕರಣೆ ಹೆಚ್ಚಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ (ವೋಲ್ಟೇಜ್, ಓಮ್ ಅಳೆಯುವುದು), ಒಂದು ಹೈಡ್ರೋಮೀಟರ್ (ಬ್ಯಾಟರಿ ಆ್ಯಸಿಡ್‌ನ ಸಾಂದ್ರತೆ ಅಳೆಯುವುದು), ಎರಡು ಮೊಸಳೆ ಕ್ಲಿಪ್ ಇರುವ ಒಂದಡಿ ವೈರ್, ಸ್ಪ್ಯಾನರ್. ಮುಳ್ಳಿನ ಮೀಟರ್ ಸಿಕ್ಕಿದರೆ ಅದೇ ವಾಸಿ. ಅಗ್ಗದ ಡಿಜಿಟಲ್ ಮೀಟರ್, ಪ್ಲಗ್ ವೈರಿನ ಹತ್ತಿರ ಹೋದರೆ ಅಂಕೆಗಳನ್ನು ಕುಣಿಸುತ್ತದೆ. ಮೀಟರ್ ಮತ್ತು ಅದರ ವೈರ್‌ಗಳನ್ನು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನಿಂದ ದೂರವಿಡಿ.

ಶುರು ಮಾಡಬೇಕಾದದ್ದು ಬ್ಯಾಟರಿಯಿಂದ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಬೆಳಗ್ಗೆ ಏನನ್ನೂ ಆನ್ ಮಾಡುವ ಮೊದಲು ಅಳೆಯಿರಿ. ಇಂಗ್ಲಿಷ್ ಪುಸ್ತಕಗಳಲ್ಲಿ ತುಂಬಿದ ಬ್ಯಾಟರಿಗೆ 12.7 ವೋಲ್ಟ್ ಎಂದು ಬರೆದಿರುತ್ತದೆ. ಅದನ್ನು ಓದಿ ನಮ್ಮ ಊರಿನ ಬ್ಯಾಟರಿಯಲ್ಲಿ 12.5 ಕಂಡರೆ ಗಾಬರಿಯಾಗುವವರಿದ್ದಾರೆ. ಚಳಿ ದೇಶದಲ್ಲಿ ಆ್ಯಸಿಡ್ ಸಾಂದ್ರತೆ 1.270, 1.280 ಇಡುತ್ತಾರೆ. ನಮ್ಮಂಥ ಬಿಸಿ ಪ್ರದೇಶಕ್ಕೆ 1.240ರ ಆಸುಪಾಸಿನ ಆ್ಯಸಿಡ್ ತುಂಬುವುದು ರೂಢಿ. ಲೆಕ್ಕ ಸುಲಭ: ಹೈಡ್ರೋಮೀಟರ್ ತೋರಿಸಿದ ಅಂಕೆಗೆ 0.84 ಸೇರಿಸಿದರೆ ಒಂದು ಸೆಲ್‌ನ ವೋಲ್ಟೇಜ್, ಅದರ ಆರರಷ್ಟು ಇಡೀ ಬ್ಯಾಟರಿಯದು. 1.240 ಇದ್ದರೆ ಸುಮಾರು 12.5 ವೋಲ್ಟ್. ಹಾಗಾಗಿ 12.5 ಎಂದರೆ ಬ್ಯಾಟರಿ ಅರೆಹೊಟ್ಟೆಯಲ್ಲಿದೆ ಎಂದು ತೀರ್ಮಾನಿಸುವ ಮೊದಲು ಆ್ಯಸಿಡ್ ನೋಡಬೇಕು. ಆರು ಸೆಲ್‌ಗಳಲ್ಲಿ ಐದು 1.230 ತೋರಿಸಿ ಒಂದು ಮಾತ್ರ 1.150ಕ್ಕೆ ಇಳಿದಿದ್ದರೆ ಅದು ಬ್ಯಾಟರಿಯದ್ದೇ ರೋಗ, ಡೈನಮೋವನ್ನು ಬಯ್ದು ಪ್ರಯೋಜನವಿಲ್ಲ. ಈ ಕೆಲಸ ಮಾಡುವಾಗ ಹತ್ತಿರ ಬೀಡಿ ಸಿಗರೇಟು ಬೇಡ. ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಡುವುದು ಹೈಡ್ರೋಜನ್.

ಆಮೇಲೆ ಫ್ಯಾನ್ ಬೆಲ್ಟ್. ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಾಗಬೇಕು. ಸಡಿಲವಿದ್ದರೆ ಲೈಟ್ ಹಾಕಿದ ತಕ್ಷಣ ಜಾರುತ್ತದೆ. ತಂತಿಯಂತೆ ಬಿಗಿ ಮಾಡಿದರೆ ಡೈನಮೋದ ಹಿಂಬದಿಯ ಬುಷ್ (ತಿರುಗುವ ದಂಡ ಕೂರುವ ಬಳೆ) ಸವೆದು, ಒಳಗೆ ತಿರುಗುವ ಆರ್ಮೇಚರ್ ವಾಲಿ ಸುತ್ತಲಿನ ಫೀಲ್ಡ್ ಪೋಲ್‌ಗೆ ಉಜ್ಜುತ್ತದೆ. ಆ ಬುಷ್‌ಗೆಂದೇ ಹಿಂದಿನ ಪ್ಲೇಟಿನಲ್ಲಿ ಒಂದು ಸಣ್ಣ ತೂತಿದೆ. ಸರ್ವಿಸ್ ಮಾಡಿಸಿದಾಗ ಎರಡು ಮೂರು ಹನಿ ಎಂಜಿನ್ ಆಯಿಲ್ ಸಾಕು. ಪ್ರೀತಿ ಉಕ್ಕಿ ಅರ್ಧ ಕ್ಯಾನ್ ಸುರಿದರೆ ಎಣ್ಣೆ ಕಮ್ಯುಟೇಟರ್‌ಗೆ (ಕಾರ್ಬನ್ ಬ್ರಷ್ ಒತ್ತಿ ನಿಲ್ಲುವ ತಾಮ್ರದ ಪಟ್ಟಿಗಳ ಉರುಳೆ) ಹರಿದು, ಕಾರ್ಬನ್ ಪುಡಿಯ ಜೊತೆ ಕಲಸಿ ಮಸಿಯಾಗುತ್ತದೆ.

ಈಗ ಎಂಜಿನ್ ಸ್ಟಾರ್ಟ್ ಮಾಡಿ, ಮೀಟರನ್ನು ಬ್ಯಾಟರಿಯ ಎರಡು ಕಂಬಗಳಿಗೇ ಹಿಡಿಯಿರಿ. ಕ್ಲಾಂಪಿಗಲ್ಲ, ಸೀಸದ ಕಂಬಕ್ಕೆ. ಐಡ್ಲಿಂಗ್‌ನಲ್ಲಿ (ಆ್ಯಕ್ಸಿಲರೇಟರ್ ಒತ್ತದೆ) 12.3 ಅಥವಾ 12.4 ತೋರಿಸಿದರೆ ಡೈನಮೋ ಕಾರಿನಲ್ಲಿ ಅದು ದೋಷವಲ್ಲ. ಆ ವೇಗದಲ್ಲಿ ಡೈನಮೋ ಏನೂ ಕೊಡುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಷ್ಟು ಹೊತ್ತು ಇಗ್ನಿಷನ್ನೂ ಲೈಟೂ ತಿನ್ನುವುದು ಬ್ಯಾಟರಿಯನ್ನೇ. ಎಂಜಿನ್ನನ್ನು ನಿಮಿಷಕ್ಕೆ 1500ರಿಂದ 2000 ಸುತ್ತಿಗೆ ಏರಿಸಿ. ಅಂಕೆ ನಿಧಾನವಾಗಿ ಏರಿ 13.5ರಿಂದ 14.5ರ ನಡುವೆ ನಿಲ್ಲಬೇಕು. ಅದೇ ವೇಗದಲ್ಲಿ ಹೆಡ್‌ಲೈಟ್ ಹಾಕಿ. ಸ್ವಲ್ಪ ಇಳಿಯುತ್ತದೆ, ಇಳಿಯಲೇಬೇಕು, ಆದರೆ 13ರ ಹತ್ತಿರ ತಡೆದು ನಿಲ್ಲಬೇಕು. 12.5ರಿಂದ ಮೇಲೇಳದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ಅತಿಯಾಗಿ ಆಗುತ್ತಿದೆ.

ಮೀಟರ್ ಇಲ್ಲದವರಿಗೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಬಹಳಷ್ಟು ಹೇಳುತ್ತದೆ. ಅದರ ಒಂದು ತುದಿ ಇಗ್ನಿಷನ್ ಸ್ವಿಚ್ ಕಡೆಯಿಂದ ಬ್ಯಾಟರಿ ವೋಲ್ಟೇಜ್ ಪಡೆಯುತ್ತದೆ, ಇನ್ನೊಂದು ತುದಿ ಕಂಟ್ರೋಲ್ ಬಾಕ್ಸಿನ ಡಿ ಟರ್ಮಿನಲ್‌ಗೆ, ಅಂದರೆ ಡೈನಮೋದ ವೈರ್ ಬಂದು ಸೇರುವ ಜಾಗಕ್ಕೆ, ಹೋಗುತ್ತದೆ. ಎರಡೂ ಕಡೆ ವೋಲ್ಟೇಜ್ ಸಮವಾದಾಗ ದೀಪ ಆರುತ್ತದೆ. ಐಡ್ಲಿಂಗ್‌ನಲ್ಲಿ ಮಿಣುಕಿ, ಆ್ಯಕ್ಸಿಲರೇಟರ್ ಒತ್ತಿದ ಕೂಡಲೇ ಆರಿದರೆ ಸರಿ. ಎಷ್ಟು ವೇಗ ಕೊಟ್ಟರೂ ಪೂರ್ತಿ ಉರಿಯುತ್ತಿದ್ದರೆ ಡೈನಮೋ ಏನೂ ಕೊಡುತ್ತಿಲ್ಲ, ಅಥವಾ ಅದರ ವೈರ್ ಕಡಿದಿದೆ. ಮೂರನೆಯದು ಬಹಳ ಜನರಿಗೆ ಅರ್ಥವಾಗದ್ದು: ವೇಗ ಹೆಚ್ಚಿದಂತೆ ದೀಪ ಮೊದಲು ಆರಿ, ಮತ್ತೆ ಮಂದವಾಗಿ ಹತ್ತಿ, ಇನ್ನೂ ವೇಗ ಕೊಟ್ಟರೆ ಬೆಳಕು ಹೆಚ್ಚುತ್ತದೆ. ಆಗ ಡೈನಮೋ ಚೆನ್ನಾಗಿಯೇ ಇದೆ. ಅದು ಡಿ ತುದಿಯಲ್ಲಿ 16 ವೋಲ್ಟ್ ಕೊಡುತ್ತಿದೆ, ಬ್ಯಾಟರಿ ಕಡೆ 12 ಮಾತ್ರ ಇದೆ, ನಡುವಿನ ನಾಲ್ಕು ವೋಲ್ಟ್ ದೀಪವನ್ನು ಹಿಮ್ಮುಖವಾಗಿ ಉರಿಸುತ್ತಿದೆ. ಕಟ್‌ಔಟ್ ಪಾಯಿಂಟ್ ಮುಚ್ಚುತ್ತಿಲ್ಲ ಎಂದು ಅರ್ಥ. ಈ ಒಂದು ಲಕ್ಷಣ ಗೊತ್ತಿಲ್ಲದೆ ಒಳ್ಳೆಯ ಡೈನಮೋಗಳನ್ನು ರಿವೈಂಡಿಂಗ್‌ಗೆ (ಹೊಸ ತಂತಿ ಸುತ್ತಿಸಲು) ಕಳಿಸುವುದು ನಡೆಯುತ್ತಲೇ ಇರುತ್ತದೆ.

ಡೈನಮೋದ ನೇರ ಪರೀಕ್ಷೆ ಹೀಗೆ. ಅದರ ಹಿಂದೆ ಎರಡು ಟರ್ಮಿನಲ್‌ಗಳಿವೆ, ದೊಡ್ಡದು ಡಿ (ಕರೆಂಟ್ ಹೊರಬರುವುದು), ಚಿಕ್ಕದು ಎಫ್ (ಫೀಲ್ಡ್ ಕಾಯಿಲ್‌ನದು). ಎರಡರ ವೈರನ್ನೂ ಬಿಚ್ಚಿ, ತುದಿಗಳು ಎಲ್ಲಿಗೂ ತಾಗದಂತೆ ಸರಿಸಿ ಇಡಿ. ಟರ್ಮಿನಲ್‌ಗಳೆರಡನ್ನೂ ಮೊಸಳೆ ಕ್ಲಿಪ್ ವೈರಿನಿಂದ ಒಂದಕ್ಕೊಂದು ಜೋಡಿಸಿ. ಮೀಟರಿನ ಒಂದು ಮೊನೆ ಆ ಜೋಡಣೆಗೆ, ಇನ್ನೊಂದು ಡೈನಮೋದ ಮೈಗೆ. ಎಂಜಿನ್ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಿಂದ ನಿಧಾನವಾಗಿ ಏರಿಸಿ. ಮುಳ್ಳು ಎಲ್ಲೂ ತಡವರಿಸದೆ ಸರಸರನೆ ಏರಬೇಕು. 1000 ಸುತ್ತು ಸಾಕು, 20 ವೋಲ್ಟ್ ಮುಟ್ಟಲು ಬಿಡಬೇಡಿ. ಈ ಸ್ಥಿತಿಯಲ್ಲಿ ಡೈನಮೋಗೆ ಲಗಾಮಿಲ್ಲ. ಎಂಜಿನ್ನನ್ನು ರೊಯ್ಯೆಂದು ಎಬ್ಬಿಸಿದರೆ ಫೀಲ್ಡ್ ಕಾಯಿಲ್ ಸುಡುತ್ತದೆ.

ಮೀಟರ್ ಏನೂ ತೋರಿಸದಿದ್ದರೆ ಮೊದಲು ಕಾರ್ಬನ್ ಬ್ರಷ್ ನೋಡಿ: ಹೋಲ್ಡರ್‌ನಲ್ಲಿ ಸಿಕ್ಕಿಕೊಂಡಿರಬಹುದು, ಸವೆದಿರಬಹುದು. ಸಿ 40ರಲ್ಲಿ ಏಳು ಮಿಲಿಮೀಟರ್‌ಗಿಂತ ಗಿಡ್ಡವಾದರೆ ಬದಲಿಸಬೇಕು. ಅರ್ಧದಿಂದ ಒಂದು ವೋಲ್ಟ್ ಮಾತ್ರ ಬಂದು ನಿಂತರೆ ಕಬ್ಬಿಣದಲ್ಲಿ ಉಳಿದಿರುವ ಅಯಸ್ಕಾಂತ ಶಕ್ತಿ ಕೆಲಸ ಮಾಡುತ್ತಿದೆ, ಫೀಲ್ಡ್ ಕಾಯಿಲ್ ಮಾಡುತ್ತಿಲ್ಲ. ಓಮ್‌ನಲ್ಲಿ ಎಫ್‌ನಿಂದ ಮೈಗೆ ಅಳೆಯಿರಿ. ಸುಮಾರು 6 ಓಮ್ ಇರಬೇಕು. ತೀರಾ ಹೆಚ್ಚು ತೋರಿಸಿದರೆ ಒಳಗೆ ಎಲ್ಲೋ ಕಡಿದಿದೆ, ಒಂದೆರಡು ಓಮ್ ತೋರಿಸಿದರೆ ಕಾಯಿಲ್ ಶಾರ್ಟ್ ಆಗಿದೆ. ನಾಲ್ಕೈದು ವೋಲ್ಟ್‌ವರೆಗೆ ಬಂದು ಅಲ್ಲೇ ನಿಂತರೆ ಅನುಮಾನ ಆರ್ಮೇಚರ್ ಮೇಲೆ. ಏರುತ್ತದೆ, ಆದರೆ ಮುಳ್ಳು ಗಡಗಡ ನಡುಗುತ್ತದೆ ಎಂದಾದರೆ ಕಮ್ಯುಟೇಟರ್ ಕೊಳೆಯಾಗಿದೆ, ಇಲ್ಲವೇ ತಾಮ್ರ ಸವೆದು ಪಟ್ಟಿಗಳ ನಡುವಿನ ಮೈಕಾ ಮೇಲೆದ್ದಿದೆ. ಪೆಟ್ರೋಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬೇಕಿದ್ದರೆ ನಯವಾದ ಗ್ಲಾಸ್ ಪೇಪರ್ ಹಿಡಿಯಿರಿ. ಎಮರಿ ಪೇಪರ್ ಖಂಡಿತ ಬೇಡ, ಅದರ ಪುಡಿ ತಾಮ್ರದೊಳಗೆ ಕೂತು ಬ್ರಷ್ಷನ್ನು ತಿನ್ನುತ್ತದೆ. ಮೈಕಾ ಮೇಲೆದ್ದಿದ್ದರೆ, ಹ್ಯಾಕ್ಸಾ ಬ್ಲೇಡಿನ ಪಕ್ಕಗಳನ್ನು ಉಜ್ಜಿ ತೆಳುವಾಗಿಸಿಕೊಂಡು ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಆಳ ಕೆತ್ತಬೇಕು.

ಒಂದು ಎಚ್ಚರಿಕೆ. ಡಿ ಮತ್ತು ಎಫ್ ಜೋಡಿಸುವ ಈ ಪರೀಕ್ಷೆ, ಫೀಲ್ಡ್ ಕಾಯಿಲ್‌ನ ಒಂದು ತುದಿ ಡೈನಮೋ ಒಳಗೇ ಅರ್ಥ್ ಆಗಿರುವ ಲೂಕಾಸ್ ಮಾದರಿಗೆ ಮಾತ್ರ. ಫೋಕ್ಸ್‌ವ್ಯಾಗನ್ ಬೀಟಲ್‌ನ ಬಾಷ್ ಡೈನಮೋದಲ್ಲಿ ಲೆಕ್ಕ ತಿರುವುಮುರುವು, ಅಲ್ಲಿ ಫೀಲ್ಡ್ ಟರ್ಮಿನಲನ್ನು ಮೈಗೆ ಅರ್ಥ್ ಮಾಡಿ ನೋಡಬೇಕು. ನಿಮ್ಮದು ಯಾವುದೆಂದು ತಿಳಿದ ಮೇಲೇ ಕೈ ಹಾಕಿ.

ಡೈನಮೋ ಪಾಸಾದರೆ ಮುಂದಿನದು ವೈರಿಂಗ್. ಡಿ–ಎಫ್ ಕ್ಲಿಪ್ ಹಾಗೇ ಇರಲಿ, ಮೂಲ ವೈರ್‌ಗಳನ್ನು ಡೈನಮೋಗೆ ಮತ್ತೆ ಜೋಡಿಸಿ. ಕಂಟ್ರೋಲ್ ಬಾಕ್ಸ್ ಕಡೆ ಡಿ ಮತ್ತು ಎಫ್ ವೈರ್‌ಗಳನ್ನು ಬಿಚ್ಚಿ, ಒಂದೊಂದರಲ್ಲೂ ಮೊದಲಿನ ಪರೀಕ್ಷೆಯನ್ನೇ ಮಾಡಿ. ಡೈನಮೋ ಹಿಂದೆ ಕಂಡ ವೋಲ್ಟೇಜೇ ಇಲ್ಲೂ ಕಾಣಬೇಕು. ಮುಗಿದ ಮೇಲೆ ಕ್ಲಿಪ್ ತೆಗೆಯಲು ಮರೆಯಬೇಡಿ.

ಇಷ್ಟು ಸಾಲದು. ಕರೆಂಟ್ ಹರಿಯದಿದ್ದಾಗ ಕೊಳೆತ ವೈರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಎಲ್ಲವನ್ನೂ ಮತ್ತೆ ಜೋಡಿಸಿ, ಹೆಡ್‌ಲೈಟ್ ಹಾಕಿ, ಎಂಜಿನ್ನನ್ನು 1500 ಸುತ್ತಿನಲ್ಲಿಟ್ಟು ಮೂರು ಕಡೆ ಅಳೆಯಿರಿ. ಡೈನಮೋದ ಡಿ ಟರ್ಮಿನಲ್‌ನಿಂದ ಬಾಕ್ಸಿನ ಡಿ ಟರ್ಮಿನಲ್‌ಗೆ. ಬಾಕ್ಸಿನಿಂದ ಬ್ಯಾಟರಿಗೆ ಹೋಗುವ ಎ ಟರ್ಮಿನಲ್‌ನಿಂದ ಬ್ಯಾಟರಿಯ ಲೈವ್ ಕಂಬಕ್ಕೆ (ಬಾಡಿಗೆ ಜೋಡಿಸದ ಕಂಬ). ಡೈನಮೋದ ಮೈಯಿಂದ ಬ್ಯಾಟರಿಯ ಅರ್ಥ್ ಕಂಬಕ್ಕೆ. ಮೊದಲನೆಯದರಲ್ಲೂ ಮೂರನೆಯದರಲ್ಲೂ 0.2 ವೋಲ್ಟ್, ಎರಡನೆಯದರಲ್ಲಿ 0.3 ಮೀರಿದರೆ ಆ ದಾರಿಯಲ್ಲಿ ಎಲ್ಲೋ ಅಡ್ಡಿಯಿದೆ. ಲಗ್ ಬಿಚ್ಚಿ, ತಾಮ್ರ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿ ಮಾಡಿ. ಲಗ್ ಹಿಂದಿನ ಇನ್ಸುಲೇಷನ್ ಗಟ್ಟಿಯಾಗಿ, ಒಳಗಿನ ಎಳೆಗಳು ಹಸಿರಾಗಿದ್ದರೆ ಆ ಭಾಗ ಕತ್ತರಿಸಿ ಹೊಸ ಲಗ್ ಹಾಕಿ.

ಅರ್ಥ್ ವಿಷಯದಲ್ಲಿ ಇನ್ನೊಂದು ಮಾತು. ಈ ಕಾರುಗಳ ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಎಂಜಿನ್ನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯೇ ಅದರ ಅರ್ಥ್. ಅದು ಕಡಿದರೆ ಕರೆಂಟ್ ಸುಮ್ಮನಿರುವುದಿಲ್ಲ, ಚೋಕ್ ಕೇಬಲ್, ಆ್ಯಕ್ಸಿಲರೇಟರ್ ಕೇಬಲ್‌ಗಳ ಮೂಲಕ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಕೈಗೆ ಬಿಸಿ ತಾಗಿದರೆ ಬೇರೆ ಪರೀಕ್ಷೆಯೇ ಬೇಡ. ಟಿಂಕರಿಂಗ್, ಪೇಂಟಿಂಗ್ ಮುಗಿಸಿ ಫಳಫಳ ಹೊಳೆಯುತ್ತಾ ಬಂದ ಕಾರುಗಳಲ್ಲಿ ಈ ತೊಂದರೆ ಹೆಚ್ಚು. ಪೇಂಟರ್ ಬೋಲ್ಟ್ ಕೂರುವ ಜಾಗಕ್ಕೂ ಬಣ್ಣ ಬಳಿದಿರುತ್ತಾನೆ. ಅವನ ದೃಷ್ಟಿಯಲ್ಲಿ ಅದು ಒಳ್ಳೆಯ ಕೆಲಸವೇ. ಕರೆಂಟಿನ ದೃಷ್ಟಿಯಲ್ಲಿ ಗೋಡೆ.

ಇನ್ನು ಕಂಟ್ರೋಲ್ ಬಾಕ್ಸ್. ಹೆಚ್ಚು ಹಾನಿ ಆಗುವುದು ಇಲ್ಲೇ, ಅದೂ ಸ್ಕ್ರೂಡ್ರೈವರ್‌ನಿಂದ. ರೆಗ್ಯುಲೇಟರನ್ನು ಅಳೆಯುವುದು ಬ್ಯಾಟರಿಯನ್ನು ಬಾಕ್ಸಿನಿಂದ ಬಿಡಿಸಿದ ಸ್ಥಿತಿಯಲ್ಲಿ. ಎ ಮತ್ತು ಎ1 (ಲೈಟ್, ಇಗ್ನಿಷನ್‌ನದು) ಟರ್ಮಿನಲ್‌ಗಳ ವೈರ್‌ಗಳನ್ನು ಬಿಚ್ಚಿ ಅವೆರಡನ್ನೂ ಪರಸ್ಪರ ಜೋಡಿಸಿಡಿ, ಇಲ್ಲದಿದ್ದರೆ ಇಗ್ನಿಷನ್‌ಗೆ ಕರೆಂಟ್ ಇರುವುದಿಲ್ಲ. ಆ ಜೋಡಣೆಯಲ್ಲಿ ಬ್ಯಾಟರಿ ಕರೆಂಟ್ ಇದೆ, ಬಾಡಿಗೆ ತಾಗದಂತೆ ಟೇಪ್ ಸುತ್ತಿ. ಮೀಟರನ್ನು ಬಾಕ್ಸಿನ ಡಿ ಟರ್ಮಿನಲ್ ಮತ್ತು ಅರ್ಥ್ ನಡುವೆ ಹಿಡಿದು ಎಂಜಿನ್ ವೇಗವನ್ನು ನಿಧಾನವಾಗಿ ಏರಿಸಿ. ಮುಳ್ಳು ಏರುತ್ತಾ ಹೋಗಿ ಒಂದು ಕಡೆ ಸಣ್ಣಗೆ ಅದುರಿ ನಿಲ್ಲುತ್ತದೆ. ಆಮೇಲೆ ವೇಗ ಹೆಚ್ಚಿಸಿದರೂ ಹೆಚ್ಚು ಏರುವುದಿಲ್ಲ. ಆ ನಿಂತ ಅಂಕೆಯೇ ರೆಗ್ಯುಲೇಟರ್ ಸೆಟಿಂಗ್. ಆರ್‌ಬಿ 106ರಲ್ಲಿ ಅದು 16 ವೋಲ್ಟ್ ಆಸುಪಾಸು. ಬಾಕ್ಸಿನ ನಂಬರಿಗೆ ತಕ್ಕಂತೆ ಒಂದಿಷ್ಟು ಆಚೀಚೆ, ನಿಖರ ಅಂಕೆ ಆಯಾ ಕಾರಿನ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿದೆ.

ಹದಿನಾರು ಎಂದ ಕೂಡಲೇ ‘ಅಯ್ಯೋ, ಬ್ಯಾಟರಿ ಕುದಿದುಹೋಗುತ್ತದೆ’ ಎಂದು ಸ್ಕ್ರೂ ತಿರುಗಿಸಿ 14ಕ್ಕೆ ಇಳಿಸುವವರೇ ಹೆಚ್ಚು. ಅಲ್ಲಿಂದಲೇ ಬ್ಯಾಟರಿ ಡೌನ್ ಆಗುವ ಕಥೆ ಶುರು. ಈ ರೆಗ್ಯುಲೇಟರ್‌ನಲ್ಲಿ ವೋಲ್ಟೇಜ್ ನೋಡುವ ತೆಳು ತಂತಿಯ ಸುರುಳಿಯ ಜೊತೆಗೆ, ಹರಿಯುವ ಕರೆಂಟ್ ನೋಡುವ ದಪ್ಪ ತಂತಿಯ ಕೆಲವು ಸುತ್ತುಗಳೂ ಇವೆ. ಕರೆಂಟ್ ಹೆಚ್ಚಿದಂತೆ ಆ ದಪ್ಪ ಸುತ್ತುಗಳು ತೆಳು ಸುರುಳಿಗೆ ಕೈಜೋಡಿಸಿ ಪಾಯಿಂಟನ್ನು ಬೇಗ ತೆರೆಯುತ್ತವೆ, ವೋಲ್ಟೇಜ್ ಇಳಿಯುತ್ತದೆ. ಡೈನಮೋ ಸುಡದಂತೆ ಕಾಯುವ ಉಪಾಯ ಇದು. ಏನೂ ಜೋಡಿಸದಿದ್ದಾಗ 16 ಇದ್ದದ್ದು, ಬ್ಯಾಟರಿ ಮತ್ತು ಲೈಟ್ ಜೋಡಿಸಿದಾಗ ತಾನಾಗಿ 13.5, 14ಕ್ಕೆ ಬರುತ್ತದೆ. ಮೊದಲೇ 14ಕ್ಕೆ ಇಳಿಸಿಬಿಟ್ಟರೆ ಲೋಡ್ ಬಿದ್ದಾಗ ಬ್ಯಾಟರಿಗೆ ಸಿಗುವುದು 12ರ ಚಿಲ್ಲರೆ.

ಪರೀಕ್ಷೆಯನ್ನು ಅರ್ಧ ನಿಮಿಷದೊಳಗೆ ಮುಗಿಸಬೇಕು. ತಡವಾದರೆ ಸುರುಳಿ ಬಿಸಿಯಾಗಿ ಅಂಕೆ ತಪ್ಪುತ್ತದೆ. ಸೆಟಿಂಗ್ ಬದಲಿಸಲೇಬೇಕಾದರೆ ಎಂಜಿನ್ ನಿಲ್ಲಿಸಿ, ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಸ್ವಲ್ಪವೇ ತಿರುಗಿಸಿ, ನಟ್ ಬಿಗಿ ಮಾಡಿ ಮತ್ತೆ ಅಳೆಯಿರಿ. ಕಟ್‌ಔಟ್ ಮುಚ್ಚುವ ವೋಲ್ಟೇಜನ್ನೂ ನೋಡಬಹುದು. ವೈರ್‌ಗಳನ್ನೆಲ್ಲ ಮೊದಲಿನಂತೆ ಜೋಡಿಸಿ, ಹೆಡ್‌ಲೈಟ್ ಹಾಕಿ, ಡಿ ಟರ್ಮಿನಲ್‌ನಲ್ಲಿ ಮೀಟರ್ ಇಟ್ಟು ವೇಗ ಏರಿಸಿದರೆ 12.7ರಿಂದ 13.3ರೊಳಗೆ ಟಕ್ ಎಂದು ಮುಚ್ಚುತ್ತದೆ, ಆ ಕ್ಷಣಕ್ಕೆ ಮುಳ್ಳು ಕೊಂಚ ಕೆಳಗಿಳಿಯುತ್ತದೆ.

ಪಾಯಿಂಟ್ ಉಜ್ಜುವುದರಲ್ಲೂ ಒಂದು ಸೂಕ್ಷ್ಮವಿದೆ. ರೆಗ್ಯುಲೇಟರ್ ಪಾಯಿಂಟ್ ಗಟ್ಟಿ ಲೋಹದ್ದು, ಅದಕ್ಕೆ ನಯವಾದ ಕಾರ್ಬೊರಂಡಮ್ ಕಲ್ಲು ಅಥವಾ ಸಿಲಿಕಾನ್ ಕಾರ್ಬೈಡ್ ಪೇಪರ್ ಸರಿ. ಕಟ್‌ಔಟ್ ಪಾಯಿಂಟ್ ಮೆದು. ಅದಕ್ಕೆ ನಯವಾದ ಗ್ಲಾಸ್ ಪೇಪರಿನ ಸಣ್ಣ ಪಟ್ಟಿ ಮಾತ್ರ, ಕಲ್ಲಾಗಲಿ ಎಮರಿಯಾಗಲಿ ತಾಗಬಾರದು. ಎರಡನ್ನೂ ಕೊನೆಗೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಇದನ್ನೆಲ್ಲ ಮಾಡುವ ಮೊದಲು ಬ್ಯಾಟರಿಯ ಅರ್ಥ್ ಕಳಚಿರಬೇಕು. ಕಟ್‌ಔಟ್ ಪಾಯಿಂಟನ್ನು ಬೆರಳಿನಿಂದ ಒತ್ತಿದರೂ ಬ್ಯಾಟರಿಯ ಕರೆಂಟೆಲ್ಲ ಡೈನಮೋಗೆ ನುಗ್ಗುತ್ತದೆ. ಪಾಯಿಂಟ್ ತಾನಾಗಿಯೇ ಅಂಟಿಕೊಂಡರೂ ಇದೇ ಗತಿ: ನಿಂತ ಕಾರಿನಲ್ಲಿ ಡೈನಮೋ ಮೋಟರ್ ಆಗಿ ತಿರುಗಲು ಹೆಣಗುತ್ತದೆ, ಬೆಲ್ಟ್ ಬಿಡುವುದಿಲ್ಲ, ವೈರ್ ಬಿಸಿಯಾಗುತ್ತದೆ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ರಾತ್ರಿಯೊಳಗೆ ಖಾಲಿಯಾಗುವ ಬ್ಯಾಟರಿಗೆ ಕಾರಣ ಹುಡುಕುವಾಗ ಎಂಜಿನ್ ನಿಲ್ಲಿಸಿ ಬಾಕ್ಸಿನ ಡಿ ಟರ್ಮಿನಲ್‌ನಲ್ಲಿ ಅಳೆಯಿರಿ. ಅಲ್ಲಿ ಬ್ಯಾಟರಿ ವೋಲ್ಟೇಜ್ ಕಂಡರೆ ಕಳ್ಳ ಸಿಕ್ಕ ಹಾಗೆ.

ಅತಿಯಾಗಿ ಚಾರ್ಜ್ ಆಗುವ ಕಾರಿನ ಗುರುತು ಬೇರೆ: ಡಿಸ್ಟಿಲ್ಡ್ ವಾಟರ್ ಮೇಲಿಂದ ಮೇಲೆ ಇಳಿಯುತ್ತದೆ, ಬ್ಯಾಟರಿ ಟ್ರೇ ಆ್ಯಸಿಡ್‌ನಿಂದ ಕೊಳೆಯುತ್ತದೆ, ವೇಗ ಹೆಚ್ಚಿಸಿದಾಗ ಬಲ್ಬ್‌ಗಳು ಸುಡುತ್ತವೆ. ಸ್ಕ್ರೂ ಮುಟ್ಟುವ ಮೊದಲು ಬಾಕ್ಸಿನ ಇ ಟರ್ಮಿನಲ್ ನೋಡಿ. ಅದು ಅರ್ಥ್. ಅದು ಕಡಿದರೆ ತೆಳು ಸುರುಳಿಗೆ ಕರೆಂಟ್ ಹರಿಯುವುದಿಲ್ಲ, ಪಾಯಿಂಟ್ ತೆರೆಯುವುದಿಲ್ಲ, ಡೈನಮೋ ಮನಸ್ಸಿಗೆ ಬಂದಷ್ಟು ಕೊಡುತ್ತದೆ. ಬಾಕ್ಸನ್ನು ಹೊಸ ಬಣ್ಣದ ಮೇಲೆ ಕೂರಿಸಿದ ಕಾರುಗಳಲ್ಲಿ ಇ ಟರ್ಮಿನಲ್‌ನಿಂದ ಬಾಡಿಗೆ ಪ್ರತ್ಯೇಕ ವೈರ್ ಎಳೆಯುವುದು ವಾಸಿ.

ಎ ಮತ್ತು ಎ1 ಎಂದು ಎರಡು ಏಕೆ ಎಂಬುದಕ್ಕೂ ಕಾರಣವಿದೆ. ಬ್ಯಾಟರಿಯದು ಎ, ಲೈಟ್ ಮತ್ತು ಇಗ್ನಿಷನ್‌ನದು ಎ1. ಬ್ಯಾಟರಿಗೆ ಹೋಗುವ ಕರೆಂಟ್ ದಪ್ಪ ತಂತಿಯ ಎಲ್ಲ ಸುತ್ತುಗಳನ್ನೂ ಹಾದುಹೋಗುತ್ತದೆ, ಎ1ರಿಂದ ಹೋಗುವುದು ಕೆಲವನ್ನು ಮಾತ್ರ. ಹ್ಯಾಲೋಜೆನ್ ರಿಲೇ, ಮ್ಯೂಸಿಕ್ ಸಿಸ್ಟಂ, ಫ್ಯಾನ್ ಎಲ್ಲವನ್ನೂ ನೇರ ಬ್ಯಾಟರಿ ಕಂಬದಿಂದ ಎಳೆದರೆ, ಬ್ಯಾಟರಿಯೇ ಗಬಗಬನೆ ತಿನ್ನುತ್ತಿದೆ ಎಂದು ರೆಗ್ಯುಲೇಟರ್ ತಿಳಿದು ವೋಲ್ಟೇಜ್ ಇಳಿಸುತ್ತದೆ. ಹೊಸದಾಗಿ ಸೇರಿಸುವುದನ್ನು ಫ್ಯೂಸ್ ಹಾಕಿ ಎ1ರಿಂದ ತೆಗೆಯಿರಿ. ಆಟೊ ಎಲೆಕ್ಟ್ರಿಷಿಯನ್‌ಗೆ ಬ್ಯಾಟರಿಯಿಂದ ಎಳೆಯುವುದು ಸುಲಭ, ಅದಕ್ಕೇ ಎಳೆಯುತ್ತಾರೆ.

ಹಳೆಯ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ಕಂಬವನ್ನು ಬಾಡಿಗೆ ಜೋಡಿಸಿದ್ದು) ಇದ್ದವೂ ಇವೆ. ಬ್ಯಾಟರಿ ಕಳಚುವ ಮೊದಲು ಯಾವ ಕಂಬ ಬಾಡಿಗೆ ಹೋಗಿದೆ ಎಂದು ಬರೆದುಕೊಳ್ಳಿ. ತಿರುಗಿಸಿ ಹಾಕಿದರೆ ಅಥವಾ ಕಾರು ವರ್ಷಗಟ್ಟಲೆ ನಿಂತಿದ್ದರೆ ಡೈನಮೋದ ಅಯಸ್ಕಾಂತ ಶಕ್ತಿಯನ್ನು ಸರಿಪಡಿಸಬೇಕು. ಎಫ್ ವೈರನ್ನು ಡೈನಮೋದಿಂದ ಬಿಚ್ಚಿ, ಬ್ಯಾಟರಿಯ ಲೈವ್ ಕಂಬದಿಂದ ಬಂದ ವೈರನ್ನು ಡೈನಮೋದ ಎಫ್ ಟರ್ಮಿನಲ್‌ಗೆ ಎರಡು ಮೂರು ಬಾರಿ ತಾಗಿಸಿ ತೆಗೆದರೆ ಆಯಿತು. ಸಣ್ಣ ಕಿಡಿ ಬರುತ್ತದೆ, ಅದನ್ನು ಬ್ಯಾಟರಿಯ ಹತ್ತಿರ ಹಾರಿಸಬೇಡಿ.

ಇಷ್ಟೆಲ್ಲ ಸರಿಯಿದ್ದೂ ಬ್ಯಾಟರಿ ಡೌನ್ ಆದರೆ ಕೂಡಿಸಿ ಕಳೆಯುವ ಲೆಕ್ಕ ಮಾಡಿ. ಸಿ 40 ಡೈನಮೋ ಹೆಚ್ಚೆಂದರೆ ಕೊಡುವುದು 22 ಆಂಪಿಯರ್, ಸಿ 39 ಆದರೆ 19, ಅದೂ ರಸ್ತೆಯ ವೇಗದಲ್ಲಿ. ಇಗ್ನಿಷನ್‌ಗೆ ಮೂರು ನಾಲ್ಕು. 60 ವಾಟ್‌ನ ಎರಡು ಹೆಡ್‌ಲೈಟ್‌ಗೆ ಹತ್ತು. ಹಿಂಬದಿ, ನಂಬರ್ ಪ್ಲೇಟ್ ದೀಪಗಳಿಗೆ ಎರಡು. ಮಳೆ ಬಂದು ವೈಪರ್ ಹಾಕಿದರೆ ಇನ್ನೆರಡು ಮೂರು. ಇಲ್ಲಿಗೇ 18 ಆಯಿತು. 100 ವಾಟ್ ಬಲ್ಬ್ ಹಾಕಿಸಿದ್ದರೆ ಎರಡು ಹೆಡ್‌ಲೈಟ್‌ಗೇ ಸುಮಾರು 17. ಎಲೆಕ್ಟ್ರಿಕ್ ಫ್ಯಾನ್ ಸೇರಿದರೆ ಮೇಲೆ ಎಂಟು ಹತ್ತು. ಇಂಥ ಕಾರಿಗೆ, ಅದರಲ್ಲೂ ದಿನಾ ಸಂಜೆ ಟ್ರಾಫಿಕ್‌ನಲ್ಲಿ ಓಡುವುದಾದರೆ, ಆಲ್ಟರ್ನೇಟರ್ ಹಾಕಿಸಿ ಎಂಬ ಸಲಹೆ ನ್ಯಾಯವೇ. ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಹೋಗಿ ಬರುವ ಕಾರಿಗೆ ಅದರ ಅಗತ್ಯವಿಲ್ಲ.

ಹಾಕಿಸುವುದಾದರೆ ಮೊದಲು ಪಾಸಿಟಿವ್ ಅರ್ಥ್ ಕಾರನ್ನು ನೆಗೆಟಿವ್‌ಗೆ ಬದಲಿಸಬೇಕು. 22 ಆಂಪಿಯರ್‌ಗೆಂದು ಹಾಕಿದ ಹಳೆಯ ವೈರಿನಲ್ಲಿ ಆಲ್ಟರ್ನೇಟರ್‌ನ 35, 40 ಆಂಪಿಯರ್ ಹರಿಸಬಾರದು, ದಪ್ಪ ವೈರ್ ಎಳೆಯಲೇಬೇಕು. ಆಲ್ಟರ್ನೇಟರ್ ಮೇಲೆ ಎಫ್ ಟರ್ಮಿನಲ್‌ಗೆ ಕಿಡಿ ತಾಗಿಸುವ ಆಟ ಬೇಡ, ಎಂಜಿನ್ ಓಡುವಾಗ ಬ್ಯಾಟರಿ ಕಳಚುವುದೂ ಬೇಡ, ಅದರೊಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸುಡುತ್ತದೆ. ಅಲ್ಲಿ ಕೆಂಪು ದೀಪ ಬರೀ ಸೂಚನೆಗಲ್ಲ, ಫೀಲ್ಡ್‌ಗೆ ಮೊದಲ ಕರೆಂಟ್ ಬರುವುದೇ ಅದರ ಮೂಲಕ. ಬಲ್ಬ್ ಸುಟ್ಟಿದ್ದರೆ ಚಾರ್ಜ್ ಶುರುವಾಗದೇ ಇರಬಹುದು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಯಲ್ಲಿ ಅರ್ಧ ವೋಲ್ಟ್ ಮೀರಿ ಕಂಡರೆ ಡಯೋಡ್ ಮೇಲೆ ಅನುಮಾನಪಡಿ. ಕಿತ್ತ ಡೈನಮೋ ಮತ್ತು ಬಾಕ್ಸನ್ನು ಗುಜರಿಗೆ ಹಾಕಬೇಡಿ, ಬಟ್ಟೆ ಸುತ್ತಿ ಅಟ್ಟದಲ್ಲಿಡಿ. 50 ವರ್ಷ ದಾಟಿದ ಕಾರುಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ, ಗಾಡಿ ಮೂಲ ರೂಪದಲ್ಲಿರಬೇಕು ಎನ್ನುತ್ತದೆ. ಮುಂದೆ ಕೊಳ್ಳುವವರೂ ಅದನ್ನೇ ಕೇಳುತ್ತಾರೆ.

ಪ್ರಶ್ನೆ ಕೇಳಿದ ಓದುಗರು ನಾಲ್ಕು ಅಂಕೆ ಬರೆದು ನಿಮ್ಮ ಪತ್ರಿಕೆಗೆ ಕಳಿಸಲಿ: ಬೆಳಗಿನ ಬ್ಯಾಟರಿ ವೋಲ್ಟೇಜ್ ಮತ್ತು ಅದರ ಜೊತೆಗೆ ಆರೂ ಸೆಲ್‌ಗಳ ಸಾಂದ್ರತೆ, 1500 ಸುತ್ತಿನಲ್ಲಿ ಹೆಡ್‌ಲೈಟ್ ಹಾಕಿ ಮತ್ತು ಹಾಕದೆ ಬ್ಯಾಟರಿ ವೋಲ್ಟೇಜ್, ಡಿ–ಎಫ್ ಜೋಡಿಸಿದಾಗ ಡೈನಮೋ ಕೊಟ್ಟದ್ದು, ಎ ಮತ್ತು ಎ1 ಬಿಚ್ಚಿದಾಗ ಬಾಕ್ಸಿನ ಡಿ ಟರ್ಮಿನಲ್‌ನಲ್ಲಿ ನಿಂತದ್ದು. ಹೆಡ್‌ಲೈಟ್ ಬಲ್ಬ್ ಎಷ್ಟು ವಾಟ್‌ನದು ಎಂಬುದನ್ನೂ ತಿಳಿಸಲಿ. ಅಷ್ಟು ಸಿಕ್ಕರೆ ಆಲ್ಟರ್ನೇಟರ್ ಬೇಕೋ, ಎರಡಡಿ ಅರ್ಥ್ ವೈರ್ ಸಾಕೋ ಎಂದು ಮುಂದಿನ ವಾರದ ಪುಟದಲ್ಲೇ ಹೇಳಬಹುದು.

ಇಂತಿ,
ಹಳೆಯ ಕಾರುಗಳ ಎಲೆಕ್ಟ್ರಿಕಲ್ ಕೆಲಸ ಬಲ್ಲ ಕೆಲವು ಓದುಗರು,
ಬೆಂಗಳೂರು